ಮೂಗುದಾರದ ಜೀನು

ಕೈ ಅರಿಶಿನವಾದರೆ ಬಾಯಿಗೆ ಬೀಗವಿರಲಿ ಎಂದು ಹಿರಿಯರು ಗಾದೆ ಕಟ್ಟಲಿಲ್ಲ. ಕಟ್ಟಿದ್ದರೆ ಐರ್ಲೆಂಡಿನ ಟಾಲಾ ಬಡಾವಣೆಯ ಸ್ಕಂದ ಬಚಾವಾಗುತ್ತಿದ್ದ. ಇದು ಆಣೆ ಮಾಡಿ ಹೇಳಬಹುದಾದ ನಿಜ ಕತೆ. ಯಾರ ಮೇಲೆ ಆಣೆ ಅಂತ ಮಾತ್ರ ಕೇಳಬೇಡಿ.

ಡಬ್ಲಿನ್ನಿನ ಒಂದು ಲ್ಯಾಬಿನಲ್ಲಿ ಸ್ಕಂದನೂ ಅವನ ರೂಮ್‌ಮೇಟ್ ಆದರ್ಶನೂ ಪಿಆರ್‌ಕೆಎಆರ್‌ಒನ್‌ಎ ಎಂಬ ಜೀನಿನ ಬೆನ್ನು ಹತ್ತಿದ್ದರು. ಜೀವಕೋಶದಲ್ಲೊಂದು ಕಿಣ್ವ ಗೂಳಿಯಂತೆ ನುಗ್ಗುತ್ತದೆ. ಅದಕ್ಕೆ ಮೂಗುದಾರ ಹೊಸೆಯುವುದು ಈ ಜೀನು. ಜೀನು ಕೆಟ್ಟು ಗೂಳಿ ನುಗ್ಗಿದರೆ ತಟ್ಟೆಯ ಕೋಶಗಳು ಹಸಿರಾಗಿ ಹೊಳೆಯಬೇಕು. ಹೊಳೆದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಗಂಟುಮೂಟೆ. ತಿಂಗಳುಗಟ್ಟಲೆ ಮಂಕಾಗಿದ್ದ ಇಬ್ಬರ ತಟ್ಟೆಗಳೂ ಆಯುಧಪೂಜೆಯ ಮರುದಿನದಿಂದ ದೀಪಾವಳಿ ಮಾಡತೊಡಗಿದ್ದವು.

ಪೂಜೆ ಮಾಡಿದ್ದು ಸ್ಕಂದ. ಮೇಲಿನ ಮನೆಯ ಕಾತ್ಯಾಯಿನಿ ಆಂಟಿ ಕೊಟ್ಟ ಅರಿಶಿನ ಕುಂಕುಮವನ್ನು, ಪ್ರೊಫೆಸರ್ ಫರ್ಗಸ್ ಇಲ್ಲದಾಗ, ಹನಿ ಅಳೆಯುವ ಪಿಪೆಟ್ಟುಗಳಿಗೆ ಹಚ್ಚಿ ಒರೆಸಿದ್ದ. "ನನ್ ಪಿಪೆಟ್ ಏನ್ ಪಾಪ ಮಾಡಿತ್ತು ಮಗಾ? ಅದಕ್ಕೂ ಹಚ್ಚು," ಅಂದಿದ್ದ ಆದರ್ಶ.

ಆದರ್ಶನಿಗೆ ಮಿಮಿಕ್ರಿಯ ಹುಚ್ಚು. ಒಂದು ಬೆಳಿಗ್ಗೆ ಲ್ಯಾಬಿನ ಫೋನಿನಿಂದ, ಫರ್ಗಸ್ಸರ ಗಂಟಲನ್ನೇ ಎರವಲು ತಂದವನಂತೆ, "ನಿನ್ನ ಪೂಜೆ ವಿಷಯ ಗೊತ್ತಾಗಿದೆ. ನೀನಾಗೇ ಬಂದು ಹೇಳಿದರೆ ಗ್ರ್ಯಾಂಡ್, ಏನೂ ತೊಂದರೆಯಿಲ್ಲ," ಎಂದು ಸ್ಕಂದನಿಗೆ ಇಂಗ್ಲಿಷಿನಲ್ಲಿ ಗುಡುಗಿದ.

ಮೆಟ್ಟಿಲಲ್ಲಿ ಆಂಟಿ ತಡೆದರು. "ಯಾಕೋ, ಹರಳೆಣ್ಣೆ ಕುಡಿದವನ ಹಾಗಿದೀಯ?"

ಸ್ಕಂದ ಎಲ್ಲ ಹೇಳಿದ.

"ಅವರು ಬಾಯಿ ಬಿಡೋ ಮುಂಚೆ ನೀನು ಬಿಡು. ಮೊದಲೇ ಒಪ್ಕೊಂಡವರನ್ನ ಯಾರೂ ಬೈಯಲ್ಲ. ನಮ್ಮ ಯಜಮಾನರು ಇಷ್ಟು ವರ್ಷ ಬದುಕಿರೋದೇ ಹಾಗೆ."

ಲುವಾಸ್ ಟ್ರಾಮಿನ ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿಕೊಂಡು ಸ್ಕಂದ ಲ್ಯಾಬಿಗೆ ನುಗ್ಗಿದ. ಫರ್ಗಸ್ ನಗುತ್ತ ಕೈ ಚಾಚಿದರು. "ಬಾ ಸ್ಕಂದ, ನಿನ್ನ ಕೆಲಸ ಇನ್ನೊಂದು ವರ್ಷ..."

"ಸಾರ್, ಪಿಪೆಟ್ಟಿಗೆ ಅರಿಶಿನ ಹಚ್ಚಿದ್ದು ನಾನೇ. ತಪ್ಪಾಯ್ತು."

"ಅರಿಶಿನವಾ?"

ಚಾಚಿದ ಕೈ ಹಿಂದಕ್ಕೆ ಹೋಯಿತು. ಫರ್ಗಸ್ ಕೋಶಗಳನ್ನು ನೋಡುವ ನೀಲಿ ದೀಪವನ್ನು ಸ್ಕಂದನ ಪಿಪೆಟ್ಟಿನ ಮೇಲೆ ಬಿಟ್ಟರು. ಅದು ಮಿಂಚುಹುಳದಂತೆ ಹಸಿರಾಗಿ ಮಿನುಗಿತು. ಅರಿಶಿನವೂ ಈ ಬೆಳಕಿಗೆ ಹೊಳೆಯುತ್ತದೆಂಬ ಪಾಠ ಸ್ಕಂದನಿಗೆ ಆಗ ನೆನಪಾಯಿತು. ಇಷ್ಟು ದಿನ ತಟ್ಟೆಯಲ್ಲಿ ನುಗ್ಗಿದ್ದು ಗೂಳಿಯಲ್ಲ, ಆಂಟಿಯ ಡಬ್ಬಿ. ಕೆಲಸದ ಮಾತು ದೀಪದ ಜೊತೆಗೇ ಆರಿತು.

ಹೊರಗೆ ಕಾರಿಡಾರಿನಲ್ಲಿ ಆದರ್ಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಫೋನ್ ಮಾಡಿದ್ದು ನಾನು ಕಣೋ. ಅವರಿಗೆ ಏನೂ ಗೊತ್ತೇ ಇರಲಿಲ್ಲ."

ಅಷ್ಟರಲ್ಲಿ ಬೆಳಿಗ್ಗೆ ಫೋನಿನಲ್ಲಿ ಗುಡುಗಿದ್ದ ಅದೇ ಗಂಟಲು ಕೇಳಿಸಿತು: "ಆದರ್ಶ, ನಿನ್ನ ಪಿಪೆಟ್ಟುಗಳನ್ನೂ ತಗೊಂಡು ಬಾ."

"ಪರವಾಗಿಲ್ವೇ, ನೀನೂ ಮಿಮಿಕ್ರಿ ಕಲಿತುಬಿಟ್ಟೆ," ಅಂದ ಆದರ್ಶ.

ಸ್ಕಂದ ತನ್ನ ಮುಚ್ಚಿದ ಬಾಯನ್ನು ಬೆರಳಿಟ್ಟು ತೋರಿಸಿದ.

ಆದರ್ಶನ ನಗು ಮೂಗುದಾರ ಜಗ್ಗಿದಂತೆ ನಿಂತಿತು. ಕೆಲಸ ಕಳೆದುಕೊಂಡ ಸ್ಕಂದನ ನಗು ಮಾತ್ರ, ಮೂಗುದಾರ ಹರಿದುಕೊಂಡು, ಟ್ರಾಮ್ ಸ್ಟಾಪಿನವರೆಗೂ ಕೇಳಿಸುತ್ತಿತ್ತು.