ಭೀಮನ ಕ್ಷೌರಕ್ಕೊಂದು ಪೂರ್ವನಿದರ್ಶನ

ಹೆದರುವ ನಾಯಿಯನ್ನು ಹೇಗಾದರೂ ಹಿಡಿಯಬಹುದು. ಹೆದರುವ ನಾಯಿಯ ಬಗ್ಗೆ ಸಲಹೆ ಕೊಡುವವರನ್ನು ಹಿಡಿಯಲಾಗದು ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ದಿನವಾಯಿತು. ನಿವೃತ್ತನಾಗುವವರೆಗೆ ಶಾಸನಗಳ ತಿಥಿ ವಾರಗಳನ್ನು ತಾಳೆ ನೋಡುವುದೇ ನನ್ನ ಉದ್ಯೋಗವಾಗಿತ್ತು. ತಿಥಿಗೆ ವಾರ ಹೊಂದದಿದ್ದರೆ ಅರಸನ ದಾನವನ್ನೂ ನಾನು ಸಂಶಯದಿಂದಲೇ ನೋಡಿದವನು. ಅಂಥವನ ಇಳಿವಯಸ್ಸು ಹಾವೇರಿಯ ಮನೆಯ ಪಡಸಾಲೆಯಲ್ಲಿ ಒಂದು ನಾಯಿಯ ಕ್ಷೌರಭಯದ ಮೂಲವನ್ನು ಶೋಧಿಸುವುದರಲ್ಲಿ ಸವೆಯುತ್ತಿದೆ. ವಿದ್ವತ್ತಿನ ಸದ್ವಿನಿಯೋಗ ಎಂದರೆ ಇದೇ ಇರಬೇಕು.

ನಾಯಿಯ ಹೆಸರು ಭೀಮ. ಎತ್ತಿದರೆ ಒಂದು ಕೌದಿಯ ಮಡಿಕೆಯಷ್ಟು ತೂಕ. ಮೈತುಂಬ ರೇಷ್ಮೆಯಂಥ ಕೂದಲು, ಅದರೊಳಗೆ ಎಲ್ಲೋ ಒಂದು ಪ್ರಾಣಿ. ಹೆಸರಿಟ್ಟವನು ನನ್ನ ಭಾವಮೈದುನ ಈರಣ್ಣ. ಅವನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಇದು ಟಿಬೇಟಿನ ಮಠಗಳನ್ನು ಕಾಯುತ್ತಿದ್ದ ತಳಿ ಎಂದು ಮಾರಿದವನು ಹೇಳಿದನಂತೆ. ಮಠ ಕಾದದ್ದು ಗೋದಾಮನ್ನೂ ಕಾದೀತು ಎಂಬ ತರ್ಕದಿಂದ ಈರಣ್ಣ ಕೊಂಡು ತಂದ. ಮೆಣಸಿನಕಾಯಿಯ ಘಾಟಿಗೆ ಕಾವಲುಗಾರ ಹಗಲಿರುಳೂ ಸೀನತೊಡಗಿತು. ಕಡೆಗೆ ಅದನ್ನು ತಂದು ಅಕ್ಕನ ಮಡಿಲಿಗೆ ಹಾಕಿ, ಉಪಕಾರ ಮಾಡಿದವನ ಮುಖಭಾವದಲ್ಲಿ ಊಟ ಮಾಡಿ ಹೋದ. ನನ್ನ ಹೆಂಡತಿ ಗಿರಿಜೆ ಅಂದಿನಿಂದ ನನ್ನ ಚಹಾಕ್ಕಿಂತ ಮೊದಲು ಅದರ ಹಾಲನ್ನು ಕಾಯಿಸುತ್ತಾಳೆ.

ಇಷ್ಟೊಂದು ಕೂದಲನ್ನು ಬೆಳೆಸಿಕೊಂಡು ಕತ್ತರಿಗೆ ಹೆದರುವ ಪ್ರಾಣಿಯ ಬಗ್ಗೆ ನನಗೆ ಗೌರವವಿಲ್ಲ. ರಾಣೇಬೆನ್ನೂರಿನಲ್ಲಿ ರೇಷ್ಮಾ ಎಂಬ ಹೆಣ್ಣುಮಗಳು ನಾಯಿಗಳ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಅಲ್ಲಿ ಮಷೀನು ಸದ್ದು ಮಾಡಿದೊಡನೆ ಭೀಮ ನಡುಗಿ, ಮೇಜನ್ನು ಒದ್ದೆ ಮಾಡಿ, ಶಾಂಪೂ ಡಬ್ಬಿಗಳ ಹಿಂದೆ ಅಜ್ಞಾತವಾಸಕ್ಕೆ ಹೋಗುತ್ತಿತ್ತು. “ಹಿಡದು ಒತ್ತಿ ಮಾಡಿದ್ರ ಹೆದರಿಕಿ ಇನ್ನೂ ಹೆಚ್ಚಾಕ್ಕೈತ್ರಿ ಸರ್ರ. ರೂಢಿ ಮಾಡಿಸ್ಕೊಂಡು ಕರಕೊಂಡ್ ಬರ್ರಿ,” ಎಂದು ಆಕೆ ಎರಡು ಸಲ ಹಿಂದಕ್ಕೆ ಕಳಿಸಿದಳು. ಅಷ್ಟರಲ್ಲಿ ಕಿವಿಯ ಹಿಂದಿನ ಕೂದಲು ಗಂಟುಗಟ್ಟಿ ಕಂಬಳಿಯಂತಾಗಿ, ಒಳಗಿನಿಂದ ವಾಸನೆ ಬರತೊಡಗಿತು. ಮನೆಯಲ್ಲೇ ಕತ್ತರಿಸಲು ಹೋದೆ. ಪೊರೆ ತೆಗೆಸಿದ ನನ್ನ ಕಣ್ಣನ್ನೂ ಕೈಯಲ್ಲಿದ್ದ ಕತ್ತರಿಯನ್ನೂ ಒಮ್ಮೆ ನೋಡಿ ಗಿರಿಜೆ ಕತ್ತರಿ ಕಸಿದುಕೊಂಡಳು. ಪಶುವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟು ಮುಖ ಸಣ್ಣದು ಮಾಡಿದರು. ಕೂದಲ ಗಂಟಿನೊಳಗೆ ಹುಣ್ಣಾಗಿದೆ, ಈ ತಿಂಗಳೊಳಗೆ ಕೂದಲು ತೆಗೆಯದಿದ್ದರೆ ಮಂಪರಿನ ಇಂಜೆಕ್ಷನ್ ಕೊಟ್ಟೇ ತೆಗೆಯಬೇಕು, ಆದರೆ ಇದರ ಹೃದಯಕ್ಕೆ ಆ ಇಂಜೆಕ್ಷನ್ ಕೊಡಲು ತಮಗೆ ಧೈರ್ಯವಿಲ್ಲ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಗಿರಿಜೆ ಭೀಮನನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಂದಳು.

ಸುದ್ದಿ ತಿಳಿದೊಡನೆ ಈರಣ್ಣ ಬ್ಯಾಡಗಿಯಿಂದ ಧಾವಿಸಿದ. ಬರುವಾಗ ಕದರಮಂಡಲಗಿಯ ಆಂಜನೇಯನ ಗುಡಿಯಲ್ಲಿ ಹೆದರಿಕೆ ಬಿಡಿಸುವ ಒಂದು ದಾರ ಮಾಡಿಸಿಕೊಂಡು ಬಂದಿದ್ದ. ಸಮುದ್ರ ಹಾರಿದ ಮಹಾನುಭಾವನನ್ನು ನಾಯಿಯ ಕ್ಷೌರಕ್ಕೆ ಕರೆಯುವುದು ಎಂಥ ಭಕ್ತಿಯೋ ತಿಳಿಯೆ. ಭೀಮ ಆ ದಾರವನ್ನು ಸಂಜೆಯೊಳಗೆ ಅಗಿದು ನುಂಗಿತು. ಅದೂ ಒಂದು ಬಗೆಯ ಸೇವೆ ಎಂದು ಈರಣ್ಣ ಸಮಾಧಾನಪಟ್ಟ.

“ಮಾವಾರ, ಇದರ ಹೆದರಿಕಿ ಶುರು ಆಗಿದ್ದು ಬಸವ ಜಯಂತಿ ದಿನರಿ. ಗೋದಾಮಿನ್ಯಾಗ ಹಮಾಲರು ಇದರ ಬಾಜೂಕ ಚೀಲ ಕೆಡವಿದ್ರು. ನಾ ಕಣ್ಣಾರೆ ನೋಡೇನಿ.”

“ಬಸವ ಜಯಂತಿಗೆ ಮಾರ್ಕೆಟ್ ಬಂದ್ ಇರತೈತಿ. ಹಮಾಲರು ಎಲ್ಲಿಂದ ಬಂದ್ರು? ಅವತ್ತ ನೀನು ನಮ್ಮ ಮನ್ಯಾಗ ಕುಂತು ಹೋಳಿಗಿ ತಿನ್ನಾಕತ್ತಿದ್ದಿ,” ಎಂದೆ.

“ಹಂಗಾರ ತಾರೀಖು ತಪ್ಪಿರಬೇಕ್ರಿ. ಹೆದರಿಕಿ ಖರೇ ಐತೆಲ್ಲ?”

ನಮ್ಮ ಸ್ಥಳೀಯ ಇತಿಹಾಸಗಳೆಲ್ಲ ರಚನೆಯಾದದ್ದು ಇದೇ ವಿಧಾನದಿಂದ. ಗಿರಿಜೆಯ ಹೇಳಿಕೆಯ ಪ್ರಕಾರ ಭಯ ಆರಂಭವಾದದ್ದು ದೀಪಾವಳಿಯ ಪಟಾಕಿಯಿಂದ. ಆದರೆ ಲಸಿಕೆಯ ಚೀಟಿಯನ್ನು ತಾಳೆ ನೋಡಿದಾಗ, ಆ ದೀಪಾವಳಿಗೆ ನಾಯಿ ಇನ್ನೂ ಹುಟ್ಟಿರಲಿಲ್ಲ. ಇದನ್ನು ಸಾಧಾರವಾಗಿ ವಿವರಿಸುತ್ತಿದ್ದಾಗ ಆಕೆ ನಡುವೆಯೇ ಎದ್ದಳು. “ಯಾವಾಗ ಹೆದರಿತು ಅಂತ ಹುಡುಕ್ಕೋತ ಕುಂದ್ರಬ್ಯಾಡ್ರಿ. ಹೆಂಗ ಬಿಡಸ್ತೀರಿ ಅದನ್ನ ಹೇಳ್ರಿ. ಇದಕ್ಕ ಏನರ ಆದ್ರ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ.”

ಹೀಗೆ ಕಾಲನಿರ್ಣಯವನ್ನು ಕೈಬಿಟ್ಟು ಚಿಕಿತ್ಸೆಗೆ ಇಳಿದೆ. ಮೊದಲು ನನ್ನ ಗಡ್ಡದ ಟ್ರಿಮ್ಮರನ್ನು ಸದ್ದಿಲ್ಲದೆ ನೆಲದ ಮೇಲಿಟ್ಟು, ಭೀಮ ಅದನ್ನು ಮೂಸಿದಾಗಲೆಲ್ಲ ತುಪ್ಪ ಸವರಿದ ರೊಟ್ಟಿಯ ಚೂರು ಕೊಟ್ಟೆ. ಆಮೇಲೆ ಪಕ್ಕದ ಕೋಣೆಯಲ್ಲಿ ಸದ್ದು, ಇಲ್ಲಿ ರೊಟ್ಟಿ. ಬಳಿಕ ಬಾಗಿಲಲ್ಲಿ ಸದ್ದು, ಆಮೇಲೆ ಎದುರಿಗೇ. ಅವಸರಿಸಿದ ದಿನ ಅದು ಮಂಚದ ಕೆಳಗೆ ಸೇರುತ್ತಿತ್ತು. ಮರುದಿನ ಮತ್ತೆ ಬಾಗಿಲಿನಿಂದ ಆರಂಭ. ಕೊನೆಯ ಹಂತದಲ್ಲಿ ನಾನು ಅದರೆದುರು ಚಾಪೆಯ ಮೇಲೆ ಕುಳಿತು, ನನ್ನ ಬಿಳಿಗಡ್ಡದ ಅಂಚಿಗೆ ಒಮ್ಮೆ ಟ್ರಿಮ್ಮರು ಆಡಿಸಿಕೊಂಡು, ಆಮೇಲೆ ಅದರ ಬೆನ್ನಿಗೆ ಟ್ರಿಮ್ಮರಿನ ಹಿಂಬದಿಯನ್ನು ತಾಗಿಸುತ್ತಿದ್ದೆ. ಹಿರಿಯರು ಆಚರಿಸಿ ತೋರಿಸಬೇಕು ಎಂಬುದು ನನ್ನ ಸಿದ್ಧಾಂತ. ಭೀಮ ಕಣ್ಣು ಅರೆಮುಚ್ಚಿ ಒಪ್ಪಿಸಿಕೊಂಡಿತು. ನಾನು ಈರಣ್ಣನಿಗೆ ಫೋನು ಮಾಡಿ, ದಾರಕ್ಕೂ ವಿಧಾನಕ್ಕೂ ಇರುವ ವ್ಯತ್ಯಾಸವನ್ನು ಸಾಕಷ್ಟು ದೀರ್ಘವಾಗಿ ತಿಳಿಸಿದೆ.

ವೈದ್ಯರ ಗಡುವು ಮುಗಿಯುವ ವಾರ ರಾಣೇಬೆನ್ನೂರಿಗೆ ಹೋದೆವು. ಅಂಗಡಿಯಲ್ಲಿ ಒಬ್ಬ ವ್ಯಾಪಾರಿ ಕರುವಿನಷ್ಟು ದೊಡ್ಡ ನಾಯಿಯೊಂದನ್ನು ಹಿಡಿದು ಸರದಿ ಕಾಯುತ್ತಿದ್ದ. ರೇಷ್ಮಾ ಮಷೀನು ಹಚ್ಚಿದಳು. ಭೀಮ ನಡುಗಲಿಲ್ಲ, ಓಡಲಿಲ್ಲ. ಗಿರಿಜೆ ಉಸಿರು ಬಿಟ್ಟಳು. ಆದರೆ ಮಷೀನು ಹತ್ತಿರ ಬಂದೊಡನೆ ಅದು ಪಕ್ಕಕ್ಕೆ ಸರಿದು ನನ್ನನ್ನೇ ನೋಡಿತು. ಮತ್ತೆ ತಂದರೆ ಮತ್ತೆ ಸರಿಯಿತು. ನನ್ನ ಕಡೆಗೆ ಒಮ್ಮೆ ಬೊಗಳಿತು.

“ರೀ, ಅದು ನಿಮ್ಮ ದಾರಿ ಕಾಯಾಕತ್ತೇತಿ,” ಎಂದಳು ಗಿರಿಜೆ. “ಮನ್ಯಾಗ ದಿನಾ ಮೊದಲ ನಿಮಗ ಆಗತಿತ್ತು, ಆಮ್ಯಾಗ ಅದಕ್ಕ.”

“ಟ್ರಿಮ್ಮರ್ ಮನ್ಯಾಗ ಐತಿ,” ಎಂದೆ.

“ಇಲ್ಲೂ ಮಷೀನು ಐತೆಲ್ಲ.”

“ಇದು ನಾಯಿ ಮಷೀನು.”

“ಹೊಸಾ ಬ್ಲೇಡ್ ಹಾಕ್ತೇನ್ರಿ ಸರ್ರ, ಹೆದರಬ್ಯಾಡ್ರಿ,” ಎಂದಳು ರೇಷ್ಮಾ. ವ್ಯಾಪಾರಿ ಕೆಮ್ಮಿದ. ಮನುಷ್ಯರು ನಗೆಯನ್ನು ಬಚ್ಚಿಡಲು ಕಂಡುಕೊಂಡಿರುವ ಉಪಾಯಗಳಲ್ಲಿ ಕೆಮ್ಮು ಅತ್ಯಂತ ನಿಕೃಷ್ಟವಾದುದು.

ಪೂರ್ವನಿದರ್ಶನವಿಲ್ಲದೆ ಹೆಜ್ಜೆ ಇಡಬಾರದು ಎಂದು ಶಿಷ್ಯರಿಗೆ ಜೀವಮಾನವಿಡೀ ಬೋಧಿಸಿದೆ. ಅವರಲ್ಲಿ ಒಬ್ಬನೂ ಅದನ್ನು ಪಾಲಿಸಲಿಲ್ಲ. ಪಾಲಿಸಿದ್ದು ಈ ನಾಯಿ ಮಾತ್ರ. ಗಿರಿಜೆ ನಗುತ್ತಿರಲಿಲ್ಲ, ಭೀಮನ ಕಿವಿಯ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಸ್ಟೂಲಿನ ಮೇಲೆ ಕುಳಿತು ಕೆನ್ನೆ ಒಡ್ಡಿದೆ. ನನಗೊಂದು ಗೆರೆ ಎಳೆದ ಮೇಲೆ ಭೀಮ ತನಗೊಂದು ಗೆರೆಗೆ ತಲೆ ತಗ್ಗಿಸಿತು. ಇನ್ನೊಂದಕ್ಕೆ ಮತ್ತೆ ನನ್ನನ್ನು ನೋಡಿತು. ಹೀಗೆ ಸರದಿಯ ಮೇಲೆ ಸಾಗಿ, ಅದರ ಎರಡನೆಯ ಕಿವಿ ಮುಗಿಯುವ ಹೊತ್ತಿಗೆ ನಾನು ಬಹುಕಾಲದಿಂದ ಪೋಷಿಸಿಕೊಂಡು ಬಂದ ಬಿಳಿಯ ಗಡ್ಡ, ಭೀಮನ ಗಂಟುಗೂದಲೊಂದಿಗೆ ಒಂದೇ ಗುಪ್ಪೆಯಾಗಿ ನೆಲದ ಮೇಲೆ ಬಿದ್ದಿತ್ತು. ಕಿವಿಯ ಹಿಂದಿನ ಹುಣ್ಣು ಬೆಳಕು ಕಂಡಿತು. ರೇಷ್ಮಾ ಅದನ್ನು ತೊಳೆದು ವೈದ್ಯರ ಮುಲಾಮು ಸವರಿದಳು. ಇಂಜೆಕ್ಷನ್ನಿನ ಮಾತು ಅಲ್ಲಿಗೆ ಮುಗಿಯಿತು. ಗಿರಿಜೆ ಕಣ್ಣೊರಸಿಕೊಂಡು, “ಇಬ್ಬರೂ ಹಗುರಾದ್ರಿ,” ಎಂದಳು.

ಹಾವೇರಿಯ ಬಸ್ಸಿನಲ್ಲಿ ನಮ್ಮ ಪಕ್ಕ ಕರ್ಜಗಿಯ ರೈತರೊಬ್ಬರು ಕುಳಿತಿದ್ದರು. ಚೀಲದಿಂದ ಇಣುಕುತ್ತಿದ್ದ ಭೀಮನನ್ನು ಮೆಚ್ಚಿ ನೋಡಿದರು. ಆಮೇಲೆ ನನ್ನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

“ನಾಯಿ ಕಟಿಂಗ್ ಭಾಳ ಛಲೋ ಆಗೇತ್ರಿ ಅಜ್ಜಾರ. ನಿಮ್ಮದೂ ನುಣ್ಣಗ ಬಂದೈತಿ. ಯಾವ ಅಂಗಡ್ಯಾಗ ಮಾಡಿಸಿದ್ರಿ?”

ಗಿರಿಜೆ ಕಿಟಕಿಯ ಹೊರಗೆ ನೋಡತೊಡಗಿದಳು. ಆಕರವನ್ನು ಮರೆಮಾಚಿದ ಎಷ್ಟೋ ವಿದ್ವಾಂಸರನ್ನು ನಾನು ಸಭೆಯಲ್ಲಿ ನಿಲ್ಲಿಸಿ ಮಾತಾಡಿದವನು. ಅಂಗಡಿಯ ವಿಳಾಸವನ್ನು ಸ್ಪಷ್ಟವಾಗಿ ಹೇಳಿದೆ.

ಅವರು ಪೂರ್ತಿ ನನ್ನ ಕಡೆಗೆ ತಿರುಗಿ ಕುಳಿತರು. “ಅದು ನಾಯಿ ಅಂಗಡಿ ಅಲ್ಲೇನ್ರಿ? ಅಲ್ಲೆ ಮನಶ್ಯಾರಿಗೂ ಮಾಡ್ತಾರ?”

“ಮಾಡ್ತಾರ,” ಎಂದೆ. “ಆದ್ರ ನಾಯಿ ಜೋಡಿ ಬಂದವರಿಗೆ ಅಷ್ಟ.”