ಗೊಂಬೆ ಮೆಟ್ಟಿಲೇರಿದ ಅಥೀನಾ

ನನಗೆ ದೇವರ ಮೇಲೆ ಭಕ್ತಿ ಎಷ್ಟಿದೆಯೋ ಗೊತ್ತಿಲ್ಲ, ಭಯವಂತೂ ಧಾರಾಳವಾಗಿದೆ. ಭಕ್ತಿಯಿದ್ದವರು ಕೈಮುಗಿದು ನೆಮ್ಮದಿಯಾಗಿ ಊಟಕ್ಕೆ ಕೂರುತ್ತಾರೆ. ನನ್ನಂಥವಳು ಕೈಮುಗಿದ ಮೇಲೆ, ದೀಪದ ಬತ್ತಿ ಸರಿಯಾಗಿತ್ತೇ, ಮಂತ್ರದ ನಡುವೆ ಮ್ಯಾನೇಜರನ್ನು ಬೈದುಕೊಂಡೆನೇ ಎಂದೆಲ್ಲ ಪರಿಶೀಲಿಸಿ, ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ ಮುಗಿಯುತ್ತಾಳೆ. ಮಾಡುವ ಕೆಲಸವೂ ಸಾಫ್ಟ್‌ವೇರ್ ಟೆಸ್ಟಿಂಗು. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಇಷ್ಟು ವರ್ಷ ಈ ಭಯ ನಮ್ಮ ದೇವರುಗಳ ಮಟ್ಟಿಗಷ್ಟೇ ಇತ್ತು. ಈ ನವರಾತ್ರಿಯಲ್ಲಿ ಅದು ಗ್ರೀಸ್ ದೇಶಕ್ಕೂ ಹಬ್ಬಿತು.

ಆದದ್ದಿಷ್ಟು. ನಾವು ವಲಸೆ ಬಂದು ನೆಲೆಸಿರುವ ವಿಟ್ಬಿ ಊರಿನ ಮನೆಯಲ್ಲಿ ಪ್ರತಿ ವರ್ಷ ಗೊಂಬೆ ಕೂರಿಸುತ್ತೇನೆ. ಬೇಸ್‌ಮೆಂಟಿನ ಪ್ಲಾಸ್ಟಿಕ್ ಡಬ್ಬಗಳನ್ನು ಐದು ಮೆಟ್ಟಿಲಾಗಿ ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲುಗಡೆ ಪಟ್ಟದ ಗೊಂಬೆಗಳನ್ನೂ ಕೆಳಗೆ ಅಂಗಡಿ ಸಮೇತ ಶೆಟ್ಟಿ ದಂಪತಿಯನ್ನೂ ಇಡುವುದು ನಮ್ಮ ಪದ್ಧತಿ. ಈ ಸಲ ಪಾಡ್ಯದ ಬೆಳಿಗ್ಗೆ ಗಂಟು ಬಿಚ್ಚಿದರೆ ಸರಸ್ವತಿಯ ಕತ್ತು ಮುರಿದಿತ್ತು. ಭಿನ್ನವಾದ ಮೂರ್ತಿಯನ್ನು ಕೂರಿಸುವಂತಿಲ್ಲ. ಮೂರನೆಯ ಮೆಟ್ಟಿಲಿನ ನಟ್ಟನಡುವೆ, ಹಲ್ಲು ಬಿದ್ದ ಬಾಯಿಯಂತೆ ಖಾಲಿ ಜಾಗ. ಸಂಜೆ ಅರಿಶಿನ ಕುಂಕುಮಕ್ಕೆ ಎಂಟು ಮನೆಯವರನ್ನು ಕರೆದಾಗಿದೆ. ಆಗ ಕಣ್ಣಿಗೆ ಬಿದ್ದದ್ದು, ಊಟದ ಮೇಜಿನ ಮೇಲೆ ಒಣಗುತ್ತಿದ್ದ ಅಥೀನಾ.

ಅದು ನಾಲ್ಕನೆಯ ಗ್ರೇಡಿನಲ್ಲಿರುವ ನನ್ನ ಮಗಳು ಅನಘಾಳ ಪ್ರಾಜೆಕ್ಟು. ಪ್ರಾಚೀನ ಗ್ರೀಕರ ಒಬ್ಬ ದೇವತೆಯ ಮೂರ್ತಿ ಮಾಡಿ, ಆ ದೇವತೆಯ ಲಾಂಛನಗಳ ಅರ್ಥವನ್ನು ಕ್ಲಾಸಿನಲ್ಲಿ ವಿವರಿಸಬೇಕು. ಎರಡು ವಾರ ಜೇಡಿಮಣ್ಣಿನಲ್ಲಿ ಹೊರಳಾಡಿ ಅವಳೇ ಮಾಡಿದ್ದಳು: ತಲೆಗೆ ಶಿರಸ್ತ್ರಾಣ, ಒಂದು ಕೈಯಲ್ಲಿ ಬಾರ್ಬೆಕ್ಯೂ ಕಡ್ಡಿಯ ಈಟಿ, ಇನ್ನೊಂದರಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಗುರಾಣಿ, ಭುಜದ ಮೇಲೊಂದು ಗೂಬೆ. ಜ್ಞಾನಕ್ಕೂ ಯುದ್ಧಕ್ಕೂ ಇವಳೇ ದೇವತೆಯಂತೆ. ಈ ದೇಶದಲ್ಲಿ ನಾವು ಅಡ್ಜಸ್ಟ್ ಮಾಡಿಕೊಳ್ಳದ ವಸ್ತು ಯಾವುದಿದೆ? ಕಲಶಕ್ಕೆ ಮಾವಿನೆಲೆ ಇಲ್ಲದಿದ್ದರೆ ವೀಳ್ಯದೆಲೆ; ಇಂಡಿಯನ್ ಅಂಗಡಿಗಳಿರುವ ರೆಕ್ಸ್‌ಡೇಲ್‌ವರೆಗೆ ಹೋದರೂ ಅದು ಸಿಗದ ವರ್ಷ ಹಿತ್ತಲಿನ ಮೇಪಲ್ ಎಲೆ. ಹಾಗೆಯೇ ಸರಸ್ವತಿಯ ಜಾಗದಲ್ಲಿ ಅಥೀನಾಳನ್ನು ಕೂರಿಸಿ, ಹಣೆಗೆ ಕುಂಕುಮವಿಟ್ಟು, ತಲೆಗೆ ಅಕ್ಷತೆ ಹಾಕಿಬಿಟ್ಟೆ.

"ಅಮ್ಮಾ! ದಟ್ಸ್ ಮೈ ಪ್ರಾಜೆಕ್ಟ್!" ಎಂದಳು ಅನಘಾ.

"ಹಬ್ಬ ಮುಗಿದ್ಮೇಲೆ ತಗೊಂಡ್ಹೋಗೇ. ಓಡಿಹೋಗಲ್ಲ ಅವಳು" ಎಂದೆ.

ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿರುವ ನಮ್ಮ ಅತ್ತೆ ಕನ್ನಡಕ ಏರಿಸಿ ನೋಡಿ, "ಯಾರೇ ಇವಳು? ಪೊಲೀಸಿನವಳ ಥರ ಇದಾಳಲ್ಲ" ಎಂದರು. ಸಂಜೆ ಹತ್ತಿರದ ಊರು ಪಿಕರಿಂಗ್‌ನಿಂದ ಬಂದ ಗೆಳತಿಯೊಬ್ಬಳು, "ಏನ್ರೀ ಇದು, ಹಬ್ಬದ ದಿನ ಮನೆಯೊಳಗೆ ಗೂಬೆನಾ?" ಎಂದು ರಾಗ ಎಳೆದಳು. ಗ್ರೀಕರಿಗೆ ಅದು ಜ್ಞಾನದ ಗುರುತು ಎಂದು ಅವಳಿಗೆ ಗತ್ತಿನಿಂದ ಹೇಳಿದೆ. ಅವಳು ಹೋದ ಮೇಲೆ ಗೂಬೆಯ ಮುಖ ಮುಚ್ಚುವಂತೆ ಒಂದು ಸೇವಂತಿಗೆ ಸಿಕ್ಕಿಸಿದೆ.

ಬುಧವಾರ ಮನೆಯಿಂದಲೇ ಕೆಲಸ ಮಾಡುತ್ತಾ, ಮಧ್ಯಾಹ್ನ ಮೊಸರನ್ನ ಕಲಸಿಕೊಂಡು ಫೋನ್ ನೋಡಿದೆ. ಟೀಚರ್ ಒಂದು ವಾರದ ಹಿಂದೆ ಕಳಿಸಿದ್ದ, ನಾನು ಓದದೇ ಬಿಟ್ಟಿದ್ದ ನೋಟು. ಪ್ರಾಜೆಕ್ಟು ಗುರುವಾರ ಬೆಳಿಗ್ಗೆ ಕ್ಲಾಸಿಗೆ ಬರಬೇಕು. ವಿಜಯದಶಮಿ ಶುಕ್ರವಾರ! ಅಯ್ಯೋ ದೇವರೇ ಎಂದೆ, ಯಾವ ದೇವರು ಎಂದು ಯೋಚಿಸದೆ.

ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸಬಾರದು. ಇದು ನನಗೆ ಬರೀ ಶಾಸ್ತ್ರವಲ್ಲ, ಅನುಭವ. ಎಂಟು ವರ್ಷದವಳಿದ್ದಾಗ, ದುರ್ಗಾಷ್ಟಮಿಯ ದಿನ ಶೆಟ್ಟಿ ಗೊಂಬೆಯನ್ನು ಕದ್ದೊಯ್ದು ಅಡುಗೆ ಆಟಕ್ಕೆ ಕೂರಿಸಿಕೊಂಡಿದ್ದೆ. ಆ ವಾರವೇ ಗಣಿತದಲ್ಲಿ ನೂರಕ್ಕೆ ಎಂಟು ಬಂತು. "ಶೆಟ್ಟಿ ಲೆಕ್ಕ ಚುಕ್ತಾ ಮಾಡ್ದ" ಎಂದಿದ್ದರು ಅಜ್ಜಿ. ನಾನು ಪುಸ್ತಕವನ್ನೇ ತೆರೆದಿರಲಿಲ್ಲ ಎಂಬುದು ಈಗ ಗೊತ್ತು. ಆದರೂ ಈ ಸಲ ಮಾರ್ಕ್ಸು ನನ್ನದಲ್ಲ, ಮಗಳದು. ಮೂರ್ತಿ ತೆಗೆದರೆ ದೇವಿಗೆ ಸಿಟ್ಟು, ತೆಗೆಯದಿದ್ದರೆ ಎರಡು ವಾರ ಒದ್ದಾಡಿದ ಮಗು ಕ್ಲಾಸಿನ ಮುಂದೆ ಬರಿಗೈಯಲ್ಲಿ ನಿಲ್ಲಬೇಕು.

ಈ ದೇವಿಯ ಸ್ವಭಾವ ಹೇಗೋ ನೋಡೋಣ ಎಂದು ಅನಘಾ ಲೈಬ್ರರಿಯಿಂದ ತಂದಿದ್ದ ಪುಸ್ತಕಗಳಲ್ಲಿ ಒಂದನ್ನು ತೆಗೆದೆ. ತೆಗೆಯಬಾರದಿತ್ತು. ದೇವತೆಗಳ ರಾಜ ಝ್ಯೂಸ್‌ಗೆ ತಡೆಯಲಾರದ ತಲೆನೋವು ಬಂದು, ಕೊಡಲಿಯಿಂದ ತಲೆ ಸೀಳಿದರೆ ಇವಳು ಶಸ್ತ್ರಾಸ್ತ್ರ ಸಮೇತ ಈಚೆಗೆ ಬಂದಳಂತೆ. ಹುಟ್ಟಿದ್ದೇ ಹೀಗೆ. ಸಾಲದ್ದಕ್ಕೆ, ತನಗಿಂತ ಚೆನ್ನಾಗಿ ನೇಯುತ್ತೇನೆಂದ ಹುಡುಗಿಯೊಬ್ಬಳನ್ನು ಜೇಡ ಮಾಡಿಬಿಟ್ಟಳಂತೆ! ನಮ್ಮಲ್ಲಾದರೆ ಶಾಪಕ್ಕೊಂದು ವಿಮೋಚನೆ ಇರುತ್ತದೆ, ಅತ್ತು ಕರೆದರೆ ಹನ್ನೆರಡು ವರ್ಷಕ್ಕೆ ಇಳಿಸುತ್ತಾರೆ. ಆ ಪುಸ್ತಕದಲ್ಲಿ ಅಂಥ ಏರ್ಪಾಡೇ ಕಾಣಲಿಲ್ಲ. ತಲೆಯೆತ್ತಿ ನೋಡುತ್ತೇನೆ, ಮೂರನೆಯ ಮೆಟ್ಟಿಲಿನಲ್ಲಿ, ಗುರಾಣಿಯಿಂದ ಪಕ್ಕದ ಗೊಂಬೆಗೆ ಎಳೆ ಕಟ್ಟುತ್ತಾ ಒಂದು ಜೇಡ. ಚಳಿ ಶುರುವಾದರೆ ಈ ಊರಿನ ಮನೆಗಳಿಗೆಲ್ಲ ಜೇಡ ಬರುತ್ತವೆ, ಗೊತ್ತು. ಆದರೂ ಎರಡು ಹೆಜ್ಜೆ ಹಿಂದೆ ಸರಿದೆ. ಅಥೀನಾಗೆ ಆಲಿವ್ ಮರ ಪ್ರೀತಿ ಎಂದು ಓದಿದ್ದು ನೆನಪಾಗಿ, ಫ್ರಿಜ್ಜಿನಲ್ಲಿದ್ದ ಬಾಟಲಿಯಿಂದ ಆರು ಆಲಿವ್ ತೆಗೆದು ಬೆಳ್ಳಿ ಬಟ್ಟಲಲ್ಲಿಟ್ಟು ನೈವೇದ್ಯ ಮಾಡಿದೆ. ಮಗಳ ಪ್ರಾಜೆಕ್ಟಿಗೆ ಒಳ್ಳೆ ಮಾರ್ಕ್ಸು ಕೊಡಿಸು ತಾಯೀ ಎಂದು ಬೇಡಿಕೊಂಡೆ. ಪ್ರಾಜೆಕ್ಟೇ ಅವಳು ಎಂಬುದು ಆಮೇಲೆ ಹೊಳೆಯಿತು.

ಇದನ್ನೆಲ್ಲ ಅತ್ತೆ ಸೋಫಾದಿಂದ ನೋಡುತ್ತಿದ್ದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ವಿಷಯ ಹೇಳಿದೆ.

"ಅಷ್ಟಕ್ಕೆ ಯಾಕೆ ಹೀಗೆ ಒದ್ದಾಡ್ತೀಯೇ?" ಎಂದರು ಅತ್ತೆ. "ದೇವಸ್ಥಾನದಲ್ಲಿ ಉತ್ಸವಮೂರ್ತಿ ಬೀದಿ ಸುತ್ತಿ ವಾಪಸ್ ಬರಲ್ವಾ? ಇವಳೂ ಸ್ಕೂಲಿಗೆ ಹೋಗಿ ಬರ್ಲಿ. ವಿದ್ಯೆಯ ದೇವ್ರು ಅಂತೀಯ, ಸ್ಕೂಲಿಗೆ ಹೋಗು ಅಂದ್ರೆ ಕೋಪ ಮಾಡ್ಕೋತಾಳಾ?"

ಮೂವತ್ತು ವರ್ಷ ಗೊಂಬೆ ಕೂರಿಸಿದವರ ಮಾತು. ಕಣ್ಣಲ್ಲಿ ನೀರೇ ಬಂತು.

ಗುರುವಾರ ಬೆಳಿಗ್ಗೆ ಮಂಗಳಾರತಿ ಎತ್ತಿ, "ಹೋಗಿ ಬಾರಮ್ಮಾ" ಎಂದು ಅಥೀನಾಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಅನಘಾ ಕುಂಕುಮ ಒರೆಸಲು ಟಿಶ್ಯೂ ತೆಗೆದಳು. "ಪ್ಲೀಸ್ ಅಮ್ಮಾ, ಗ್ರೀಕ್ಸ್ ಡಿಡಂಟ್ ಹ್ಯಾವ್ ದಿಸ್!" ಎಂದಳು. ಕುಂಕುಮ ಅಳಿಸುವುದೇ? ನನ್ನ ಹೆಣ ಬಿದ್ದ ಮೇಲೆ! ಟಿಶ್ಯೂ ಕಿತ್ತುಕೊಂಡೆ. ದಾರಿಯುದ್ದಕ್ಕೂ ಅವಳು ಕಿಟಕಿಗೆ ಮುಖ ತಿರುಗಿಸಿ ಕೂತಳು. ನಾನು ಮಾತ್ರ ಕನ್ನಡಿಯಲ್ಲಿ ಗೂಬೆಯನ್ನು ನೋಡುತ್ತಾ, ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಓಡಿಸಿದೆ.

ಆ ದಿನ ನಾನು ಮಾಡಿದ ಟೆಸ್ಟಿಂಗ್ ಯಾವ ಗಿರಾಕಿಗೂ ತಲುಪದಿರಲಿ. ಸಂಜೆ ಮೂರ್ತಿ ಸುರಕ್ಷಿತವಾಗಿ ಹಿಂದಿರುಗಿತು, ಗೂಬೆಯ ಕಿವಿಯೂ ಮುಕ್ಕಾಗಿರಲಿಲ್ಲ. ಓಡಿಹೋಗಿ ಮೂರನೆಯ ಮೆಟ್ಟಿಲಿಗೆ ಕೂರಿಸಿ, ಕೈಮುಗಿದು, ಉಸಿರು ಬಿಟ್ಟ ಮೇಲೆ ಅನಘಾ ಮಾರ್ಕ್ಸಿನ ಹಾಳೆ ಕೊಟ್ಟಳು. ಬಿ ಪ್ಲಸ್. ಕೆಳಗೆ ಟೀಚರ್ ಬರೆದಿದ್ದರು: ಶಿಲ್ಪ ಸುಂದರ, ಭಾಷಣ ಸೊಗಸು, ಲಾಂಛನಗಳ ವಿವರಣೆ ಪೂರ್ಣ. ಆದರೆ ಹಣೆಯ ಕೆಂಪು ಗುರುತು ಮತ್ತು ತಲೆಯ ಮೇಲಿನ ಅಕ್ಕಿಗೆ ಆಧಾರ ಗ್ರಂಥ ಯಾವುದು? ಸೋಮವಾರದೊಳಗೆ ತಿಳಿಸಿದರೆ ಕಳೆದ ಮಾರ್ಕ್ಸು ಕೊಡಲಾಗುವುದು.

ಜೇಡವಾಗಿ ಗೋಡೆಯ ಬಿರುಕಿಗೆ ನುಸುಳಿಹೋಗಬಾರದೇ ಎನ್ನಿಸಿತು ನನಗೆ. "ಸಾರಿ ಪುಟ್ಟಾ" ಎಂದೆ. ಅನಘಾ ಪೆನ್ಸಿಲ್ ತೆಗೆದುಕೊಂಡು, ಪ್ರಾಜೆಕ್ಟಿನ ಆಧಾರಗಳ ಪಟ್ಟಿಯಲ್ಲಿದ್ದ ಲೈಬ್ರರಿಯ ಮೂರು ಪುಸ್ತಕಗಳ ಹೆಸರಿನ ಕೆಳಗೆ ನಾಲ್ಕನೆಯದನ್ನು ಬರೆದಳು: "ಮೈ ಮಾಮ್, ವಿಟ್ಬಿ. ಶಿ ಸ್ಟಿಲ್ ಪ್ರೇಯ್ಸ್ ಟು ಅಥೀನಾ." ಶುಕ್ರವಾರ ಅದನ್ನು ಓದಿದ ಟೀಚರ್, ಆಧಾರವನ್ನು ಖುದ್ದಾಗಿ ಭೇಟಿಯಾಗಲು ಈಗ ನನ್ನನ್ನು ಕ್ಲಾಸಿಗೇ ಕರೆದಿದ್ದಾರೆ. ಯಾವ ಸೀರೆ ಉಡಲಿ ಎಂಬ ಚಿಂತೆಯಲ್ಲಿ, ಆಲಿವ್ ಬಾಟಲಿ ಹಿಡಿದು ಮತ್ತೆ ಮೂರನೆಯ ಮೆಟ್ಟಿಲಿನ ಮುಂದೆ ನಿಂತಿದ್ದೇನೆ.