ಅಬ್ಜೂರ್ ಮತ್ತು ಅಮ್ಮನ ಸೀಬೆಹಣ್ಣು

ಬ್ಯಾಂಕಿನವರಿಗೆ ವರ್ಗವಾದರೆ ಸಾಮಾನಿನ ಜೊತೆ ಪೇಚಾಟಗಳೂ ಲಾರಿ ಹತ್ತಿ ಬರುತ್ತವೆ. ಆಂಧ್ರದಲ್ಲಿ ನಮಗಾದವುಗಳಲ್ಲಿ ಮೂರು, ಒಂದೇ ಇಂಗ್ಲಿಷ್ ಕ್ರಿಯಾಪದದ ಸುತ್ತ ನಡೆದವು. ಅಮ್ಮ ಹೋದ ಮೇಲೆ ಅವೇ ಹೆಚ್ಚು ನೆನಪಾಗುತ್ತವೆ.

೧. ಬಂದರು

ಆಗ ನಾನು ವಿಶಾಖಪಟ್ಟಣದ ದ್ವಾರಕಾ ನಗರ ಶಾಖೆಯಲ್ಲಿದ್ದೆ. ಶಾಲೆಯ ಇಂಗ್ಲಿಷ್ ಸ್ಪರ್ಧೆಗೆ ಓದುತ್ತಿದ್ದ ಮಗಳು, "ಅಪ್ಪಾ, ಅಬ್ಜೂರ್ ಅಂದ್ರೇನು?" ಎಂದಳು. ನಿಘಂಟು ತೆಗೆದು ಗತ್ತಿನಿಂದ ಹೇಳಿದೆ: "ಲ್ಯಾಟಿನ್ನಲ್ಲಿ 'ಅಬ್' ಅಂದ್ರೆ ದೂರ, 'ಜುರಾರೆ' ಅಂದ್ರೆ ಆಣೆ ಮಾಡೋದು. ಆಣೆ ಮಾಡಿ ಬಿಟ್ಟುಬಿಡೋದು. ಹಿಂದೆ ಇಂಗ್ಲೆಂಡಿನಲ್ಲಿ ತಪ್ಪು ಮಾಡಿ ಚರ್ಚಿನಲ್ಲಿ ಅಡಗಿದವನು ಹೀಗೆ ಆಣೆ ಮಾಡಿ, ಹೇಳಿದ ಬಂದರಿಗೆ ಹೋಗಿ ದೇಶ ಬಿಡಬೇಕಿತ್ತು."

ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿದಳು.

"ನೀನೇನು ತಪ್ಪು ಮಾಡಿದ್ಯೋ, ನಿನ್ನನ್ನೂ ಬಂದರಿನ ಊರಿಗೇ ಕಳ್ಸಿದಾರೆ?"

೨. ಕಾಶಿಯಲ್ಲಿ ಬಿಟ್ಟದ್ದು

ಅಮ್ಮನಿಗೂ ಒಂದು ಅಬ್ಜೂರ್ ಇತ್ತು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರಬೇಕಲ್ಲ. ಜಾಣರು ಹಾಗಲಕಾಯಿ ಬಿಡುತ್ತಾರೆ. ಅಮ್ಮ ಪ್ರಾಮಾಣಿಕವಾಗಿ ಸೀಬೆಹಣ್ಣು ಬಿಟ್ಟಿದ್ದಳು. ವಿಶಾಖಪಟ್ಟಣದಲ್ಲೂ ಮುಟ್ಟಲಿಲ್ಲ. ಆಗಿನ್ನೂ ಅವಳಿಗೆ ತೆಲುಗು ಬರುತ್ತಿರಲಿಲ್ಲ.

ವಿಜಯವಾಡದ ಭವಾನಿಪುರಂಗೆ ಬಂದ ಮೇಲೆ ಒಂದು ಸಂಜೆ ನೋಡುತ್ತೇನೆ, ಅಮ್ಮ ಮೆಟ್ಟಿಲ ಮೇಲೆ ಕೂತು ಸೀಬೆಹಣ್ಣಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದಾಳೆ.

"ಅಮ್ಮಾ, ಕಾಶಿ?"

"ನಾನು ಬಿಟ್ಟಿದ್ದು ಸೀಬೆ ಕಣೋ. ಗಾಡಿಯವಳು ಇದನ್ನ ಜಾಮಕಾಯ ಅಂದ್ಲು."

"ವಿಶ್ವನಾಥನಿಗೆ ತೆಲುಗು ಬರಲ್ವೇನಮ್ಮ?"

"ಬರುತ್ತೆ. ಅದಕ್ಕೇ ಅವನೂ ಜಾಮಕಾಯ ಅಂತಾನೆ."

೩. ತೆಲುಗು ಬಿಟ್ಟದ್ದು

ಅಷ್ಟರಲ್ಲಿ ಮಗಳ ಕನ್ನಡ ಕರಗುತ್ತ ಬಂದಿತ್ತು. ಅವಳ ಬಾಯಲ್ಲಿ 'ಪರವಾಗಿಲ್ಲ' ಕೂಡ ತೆಲುಗಿನ 'ಪರ್ವಾಲೇದು' ಆಗಿಹೋಗಿತ್ತು. ಅಮ್ಮ ಕಥೆ ಹೇಳಿದರೆ ಅರ್ಧಕ್ಕೇ ನಿಲ್ಲಿಸಿ, ಹಾಗಂದ್ರೇನು ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. "ಇನ್ನು ನಾನು ಯಾರ ಹತ್ರ ಮಾತಾಡ್ಲಿ?" ಎಂದು ಅಮ್ಮ ಒಂದು ದಿನ ಕಣ್ಣೊರೆಸಿಕೊಂಡಳು.

ಎಲ್ಲರನ್ನೂ ದೇವರ ಮುಂದೆ ನಿಲ್ಲಿಸಿ, "ಇವತ್ತಿಂದ ಮನೆಯೊಳಗೆ ತೆಲುಗು ಅಬ್ಜೂರ್" ಎಂದು ಸಾರಿದೆ. ಅಮ್ಮ ಅಚ್ಚ ಕನ್ನಡದಲ್ಲಿ ಆಣೆ ಮಾಡಿದಳು. ನಾನೂ ಮಾಡಿದೆ. ಮಗಳು ಅಜ್ಜಿಯ ಕೈಮೇಲೆ ಕೈಯಿಟ್ಟಳು.

"ಇನ್ಮೇಲೆ ಮನೇಲಿ ತೆಲುಗು ಮಾತಾಡಲ್ಲ ಅಜ್ಜಿ. ಒಟ್ಟು!"

ತೆಲುಗಿನಲ್ಲಿ ಆಣೆಗೆ 'ಒಟ್ಟು' ಎನ್ನುತ್ತಾರೆ. ಮಾಡಿದ ಬಾಯಲ್ಲೇ ಆಣೆ ಮುರಿದಿತ್ತು. ನಾನು ರೇಗುವಷ್ಟರಲ್ಲಿ ಅಮ್ಮ ಮೊಮ್ಮಗಳನ್ನು ತಬ್ಬಿಕೊಂಡು ನನ್ನತ್ತ ತಿರುಗಿದಳು.

"ಬಿಡೋ, ಪರ್ವಾಲೇದು."